ಫರ್ಸಿಯ ಬಣ್ಣದವಳು

ದಿನವೂ ಕಂಡ ಹಕ್ಕಿಗಳನ್ನು ಎಣಿಸಿ, ತಾರೀಖು ಹಾಕಿ ಬರೆದಿಡುವ ಚಟ ನನಗಿದೆ. ಮೊದಮೊದಲು ನನ್ನ ಎಣಿಕೆಯ ಪ್ರಕಾರ ಊರಿನ ಹಕ್ಕಿಗಳೆಲ್ಲ ಗಂಡೇ ಆಗಿದ್ದವು. ಹೆಣ್ಣುಗಳೆಲ್ಲ ಒಟ್ಟಿಗೆ ತವರಿಗೆ ಹೋದಂತಿತ್ತು.

ಹೆಣ್ಣುಗಳು ಕಣ್ಣೆದುರೇ ಇದ್ದವು. ನಾನು ನೋಡುತ್ತಿದ್ದುದು ಬಣ್ಣವನ್ನು. ಗಂಡು ನವಿಲಿಗೆ ಆ ಪರಿ ಗರಿ, ಹೆಣ್ಣಿಗೆ ಹಳೆಯ ಗೋಣಿಚೀಲದ ಬಣ್ಣ. ತಿಳಿದವರು ಹೇಳುವುದಿಷ್ಟು: ಸಂಗಾತಿಯನ್ನು ಆರಿಸುವವಳು ಹೆಣ್ಣು, ಹಾಗಾಗಿ ಗಂಡು ಮೆರೆಯಬೇಕು. ಮೊಟ್ಟೆಗೆ ಕಾವು ಕೊಡುವವಳೂ ಅವಳೇ, ಹಾಗಾಗಿ ಅವಳು ಯಾರ ಕಣ್ಣಿಗೂ ಬೀಳಬಾರದು. ಕೆಸರಿನಲ್ಲಿ ಓಡಾಡುವ ಒಂದು ಜಾತಿಯಲ್ಲಿ ಗಂಡೇ ಕಾವು ಕೂರುತ್ತಾನೆ. ಅಲ್ಲಿ ಬಣ್ಣದ ಸೀರೆ ಹೆಂಡತಿಗೆ, ಮಾಸಲು ಅಂಗಿ ಗಂಡನಿಗೆ. ಕಾಗೆಗಳು ಮಾತ್ರ ಈ ತಂಟೆಯೇ ಬೇಡವೆಂದು ಗಂಡು ಹೆಣ್ಣು ಎರಡೂ ಸಮವಸ್ತ್ರ ತೊಟ್ಟಿವೆ.

ಈ ವಿದ್ಯೆ ಉಪಯೋಗಕ್ಕೆ ಬಂದದ್ದು ಶಹಾಬಾದಿನಲ್ಲಿ, ನಮ್ಮ ಕಾಕಾ ನೆಲಕ್ಕೆ ಹಾಸುವ ಫರ್ಸಿಕಲ್ಲು ಮಾರುವ ಅಂಗಳದಲ್ಲಿ. ಅಲ್ಲಿ ಕಲ್ಲು ಕೊಯ್ದ ಧೂಳು ಎಲ್ಲದರ ಮೇಲೂ ಕೂತಿರುತ್ತದೆ. ಗಿರಾಕಿ ಬಂದಾಗ ಕಾಕಾ ಫರ್ಸಿಯ ಮೇಲೆ ಒಂದು ತಂಬಿಗೆ ನೀರು ಸುರಿಯುತ್ತಾರೆ. ಧೂಳು ಇಳಿದು ಕಲ್ಲಿನ ಬಣ್ಣ ಎದ್ದು ಬರುತ್ತದೆ, ವ್ಯಾಪಾರ ಕುದುರುತ್ತದೆ. ಹೀಗಾಗಿ ಎದ್ದು ಕಾಣುವುದೇ ನಿಜವೆಂಬುದು ಅವರ ನಂಬಿಕೆ.

ಅಂಗಳದಲ್ಲಿ ಪುಟ್ಟ ಕರಿ ಹಕ್ಕಿಯೊಂದಿತ್ತು. ಗೇಟಿನ ಬಳಿ ನಿಲ್ಲಿಸಿಟ್ಟ ಫರ್ಸಿಗಳ ಸಾಲಿನ ತುದಿಯಲ್ಲಿ ಕೂತು, ಬಾಲ ನಿಗುರಿಸಿ ಹಾಡುತ್ತಿತ್ತು. ಅದರ ಗೂಡು ಅಲ್ಲೇ ಇದೆಯೆಂದು ಕಾಕಾ ಆ ಸಾಲನ್ನು ಮುಟ್ಟಗೊಡುತ್ತಿರಲಿಲ್ಲ. ಸೇಡಂನಿಂದ ಮನೆ ಕಟ್ಟಿಸುವವರೊಬ್ಬರು ಲಾರಿ ತಂದಾಗ ಕಾಕಾ ಎತ್ತಲು ತೋರಿಸಿದ್ದು ಬೇವಿನ ಕೆಳಗಿನ ಸಾಲನ್ನು. ಆದರೆ ಆ ಕರಿ ಹಕ್ಕಿಯ ಜೋಡಿ, ಧೂಳಿನದೇ ಬಣ್ಣದ ಹೆಣ್ಣುಹಕ್ಕಿ, ಆ ಸಾಲಿನ ಸಂದಿಗೆ ನುಸುಳುವುದನ್ನು ನಾನು ದಿನವೂ ನೋಡುತ್ತಿದ್ದೆ.

“ಕಾಕಾ, ಅದನ್ನ ಎತ್ತಬ್ಯಾಡ್ರಿ. ತತ್ತಿ ಅವ ಅದರಾಗ.”

“ಹುಚ್ಚಿ, ಹಕ್ಕಿ ಅಲ್ಲಿ ಹಾಡ್ಲಿಕತ್ತದ, ತತ್ತಿ ಇಲ್ಲಿ ಹ್ಯಾಂಗ ಬರ್ತಾವ?”

“ನೀವು ಅಂಗಳದಾಗ ಕುಂತು ವ್ಯಾಪಾರ ಮಾಡ್ತೀರಿ. ಕಾಕಿ ಇಲ್ಲೇ ಕುಂತು ರೊಟ್ಟಿ ಬಡೀತಾಳೇನು?”

ಸೇಡಂನವರು ಜೋರಾಗಿ ನಕ್ಕರು. “ಹುಡುಗಿ ಮಾತು ಖರೆ ಅದರಿ ಸಾವಕಾರ್ರ. ಸ್ವಲ್ಪ ನೋಡೋಣ ತಡೀರಿ.”

ಎಲ್ಲರನ್ನೂ ಲಾರಿಯ ಹಿಂದೆ ನಿಲ್ಲಿಸಿದೆ. ಗೇಟಿನ ಗಾಯಕ ಶುರುಮಾಡಿದ. ಎಲ್ಲರ ಕಣ್ಣೂ ಅತ್ತ ತಿರುಗಿದವು. “ಅವನ್ನ ಬಿಡ್ರಿ, ಬೇವಿನ ಕಡಿ ನೋಡ್ರಿ” ಎಂದು ಪಿಸುಗುಟ್ಟಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಲಾರಿಯವನು ಆಕಳಿಸಿದ. ನನ್ನ ಮಾನ ಇನ್ನೇನು ಲಾರಿ ಹತ್ತುವುದರಲ್ಲಿತ್ತು.

ಆಗ ನೆಲದ ಧೂಳೇ ಒಂದು ಹಿಡಿ ಎದ್ದು ಹಾರಿ, ಎರಡು ಫರ್ಸಿಗಳ ನಡುವೆ ಮಾಯವಾಯಿತು.

“ಯಪ್ಪಾ, ಮಣ್ಣಿಗೆ ರೆಕ್ಕಿ ಬಂತಲ್ರಿ!” ಎಂದರು ಸೇಡಂನವರು.

ಕಾಕಾ ಹೋಗಿ ಸಂದಿಯಲ್ಲಿ ಇಣುಕಿದರು. ಒಳಗಿನಿಂದ ಎರಡು ಕಣ್ಣು ಅವರನ್ನೇ ದಿಟ್ಟಿಸಿದವು. ತಿರುಗಿ ಬಂದವರೇ, “ಗೇಟಿನ ಕಡಿ ಸಾಲು ಎತ್ರೋ. ಇಲ್ಲಿ ಬಾಣಂತಿ ಅದಾಳ” ಎಂದರು. ಆ ಕ್ಷಣ ನನಗೆ ಆನೆಯ ಮೇಲೆ ಕೂತಂತಾಯಿತು. ವೇದಿಕೆ ಕಳೆದುಕೊಂಡ ಗಾಯಕ ಲಾರಿಯ ತಲೆಯ ಮೇಲೆ ಕೂತು ಹಾಡು ಮುಂದುವರಿಸಿದ. ಗೆದ್ದವನು ತಾನೇ ಎಂಬಂತೆ.

ಕೆಲವು ವಾರಗಳ ಬಳಿಕ ಮರಿಗಳು ಹೊರಬಂದು ಬೇವಿನ ಕೊಂಬೆಯ ಮೇಲೆ ಸಾಲಾಗಿ ಕೂತವು. ಎಲ್ಲವೂ ಮಾಸಲು ಕಂದು. “ಇದರಾಗ ಗಂಡು ಯಾವುದು?” ಎಂದು ಕಾಕಾ ನನ್ನನ್ನೇ ಕೇಳಿದರು, ಈಗ ಅಂಗಳದ ಪಂಡಿತೆ ನಾನೇ ತಾನೆ.

“ಇನ್ನಾ ಗೊತ್ತಾಗಂಗಿಲ್ಲ ಕಾಕಾ” ಎಂದೆ. “ಮೆರಿಯೋದು ಆಮ್ಯಾಲೆ. ಸದ್ಯಕ್ಕ ಎಲ್ಲಾವೂ ಅವ್ವನ ಬಣ್ಣದಾಗೇ ಅವ.”