ಅಮ್ಮ ಕಾಣಿಸುವಂಥ ಫೈಲು

ಜೋಡಿಸಿದ ವಿಡಿಯೊವನ್ನು ಫೈಲಾಗಿಸುವ ಎಕ್ಸ್‌ಪೋರ್ಟ್ ಬಟನ್ ಒತ್ತಿದ ಮೇಲೆ ಮಾಡುವ ಕೆಲಸ ಏನೂ ಇರುವುದಿಲ್ಲ. ಪರದೆಯ ಮೇಲಿನ ಪಟ್ಟಿ ಎಡದಿಂದ ಬಲಕ್ಕೆ ತೆವಳುವುದನ್ನು ನೋಡುತ್ತ ಕೂರಬೇಕು. ನನ್ನ ಕೈಲಿ ಆಗದಿರುವುದು ಅದೊಂದೇ. ಹೊಸಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಕಂಡವರ ಮದುವೆಗಳನ್ನು ಕತ್ತರಿಸಿ ಜೋಡಿಸಿ ಹೊಟ್ಟೆ ಹೊರೆಯುವವಳು ನಾನು. ಇಷ್ಟು ವರ್ಷವಾದರೂ ಆ ಪಟ್ಟಿ ಮುಗಿಯುವ ತನಕ ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತೇನೆ, ಬಾಲ್ಕನಿಗೆ ಬಂದು ಒಣಗದ ಬಟ್ಟೆ ಮುಟ್ಟಿ ನೋಡುತ್ತೇನೆ, ಮತ್ತೆ ಒಳಗೆ ಬರುತ್ತೇನೆ. ತಂಗಿಯ ಮದುವೆಯ ವಿಡಿಯೊ ಮಾಡಿದ ದಿನವಂತೂ ಅಮ್ಮನಿಗೇ ತಲೆ ಚಿಟ್ಟು ಹಿಡಿಯಿತು.

"ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ? ಒಂದ್ ಕಡೆ ಕೂತ್ಕೋಬಾರ್ದಾ?" ಎಂದು ಗದರಿದಳು.

ಕೂರುವುದು ಹೇಗೆ? ಕೆಂಗೇರಿಯ ಛತ್ರದಲ್ಲಿ ಮದುವೆ ಮುಗಿದು ಒಂದು ರಾತ್ರಿ ಕಳೆದಿತ್ತಷ್ಟೆ. ತಂಗಿ ಹೇರೋಹಳ್ಳಿಯ ಗಂಡನ ಮನೆ ಸೇರಿದ್ದಳು, ಅದೂ ಅಮ್ಮನ ಮೇಲೆ ಮುನಿಸಿಕೊಂಡು. ಅಪ್ಪ ಇಲ್ಲದ ಕಾರಣ ಧಾರೆ ಎರೆಯಲು ಚಿಕ್ಕಪ್ಪ, ಚಿಕ್ಕಮ್ಮ ಕೂತಿದ್ದರು. ನಮ್ಮ ಕಡೆ ಅದೇ ಪದ್ಧತಿ, ಗಂಡ ಸತ್ತವಳು ಧಾರೆಗೆ ಕೂರುವ ಹಾಗಿಲ್ಲ. ತಂಗಿ ಹಲ್ಲು ಕಚ್ಚಿಕೊಂಡು ಅದಕ್ಕೆ ಒಪ್ಪಿದ್ದಳು. ಆದರೆ ಗಟ್ಟಿಮೇಳ ಆಗುವಾಗ ಅಮ್ಮ ಎದುರಿಗೇ ನಿಂತಿರಬೇಕು ಎಂದು ಮಾತು ತೆಗೆದುಕೊಂಡಿದ್ದಳು. ಅಮ್ಮನೂ ಹೂಂ ಅಂದಿದ್ದಳು. ತಾಳಿ ಬೀಳುವ ಹೊತ್ತಿಗೆ ತಂಗಿ ಕತ್ತೆತ್ತಿ ಹುಡುಕಿದರೆ ಅಮ್ಮ ಇಲ್ಲ! ಅವಳ ಹಿಂದೆ ಸೆರಗು ಸರಿಮಾಡುತ್ತ ನಿಂತಿದ್ದ ನನಗೂ ಕಾಣಲಿಲ್ಲ. ಆಮೇಲೆ ಕೇಳಿದರೆ, ಪಾಯಸ ಆಯಿತೇ ನೋಡಲು ಅಡುಗೆಯವರ ಹತ್ತಿರ ಹೋಗಿದ್ದೆ ಅಂದುಬಿಟ್ಟಳು.

ಬೆಳಿಗ್ಗೆ ತಂಗಿ ನನಗೆ ಫೋನ್ ಮಾಡಿದಳು. "ನನ್ ತಾಳಿಗಿಂತ ಅಮ್ಮಂಗೆ ಪಾಯಸ ಮುಖ್ಯ ಆಯ್ತಲ್ವಾ ಅಕ್ಕ? ನಾಳೆ ಬೀಗರ ಊಟಕ್ಕೆ ಬರ್ಲಿ, ನಾನಂತೂ ಮಾತಾಡಲ್ಲ." ಹಾಗಂದರೆ ಹಾಗೇ ಮಾಡುವವಳು ಅವಳು. ಗಂಡಿನ ಕಡೆಯವರೆಲ್ಲ ಸೇರಿದ ಊಟದಲ್ಲಿ ಮಗಳು ಹೆತ್ತವಳಿಂದ ಮುಖ ತಿರುಗಿಸಿದರೆ ಅಮ್ಮ ಏನಾಗಬೇಕು?

ಪಾಯಸದ ಮಾತು ನನಗೆ ನಂಬಿಕೆಯಾಗಲಿಲ್ಲ. ಪಕ್ಕದಿಂದ ಹಿಡಿದಿದ್ದ ಎರಡನೆಯ ಕ್ಯಾಮೆರಾದ ದೃಶ್ಯಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಮಧ್ಯಾಹ್ನದ ಹೊತ್ತಿಗೆ ಅಮ್ಮ ಸಿಕ್ಕಳು. ಮುಂದಿನ ಸಾಲಿನಲ್ಲೇ ನಿಂತಿದ್ದಾಳೆ. ದೊಡ್ಡಮ್ಮ ಬಂದು ಅವಳ ಕಿವಿಯಲ್ಲಿ ಏನೋ ಹೇಳಿ, ಕೈಯಲ್ಲಿ ಆ ಕಡೆ ಹೋಗು ಎಂದು ತೋರಿಸುತ್ತಾಳೆ. ಅಮ್ಮ ತಲೆಯಾಡಿಸಿ ಉಗ್ರಾಣದ ಬಾಗಿಲ ಹತ್ತಿರದ ಕಂಬದ ಹಿಂದೆ ಹೋಗುತ್ತಾಳೆ. ಅಲ್ಲಿ ಒಂದು ಬಲ್ಬೂ ಇಲ್ಲ. ಗಟ್ಟಿಮೇಳ ಮೊಳಗುತ್ತದೆ. ಕಂಬದ ಪಕ್ಕದಿಂದ ಒಂದು ಕೈ ಹೊರಬಂದು ವೇದಿಕೆಯ ಕಡೆ ಅಕ್ಷತೆ ಎಸೆಯುತ್ತದೆ. ಅಷ್ಟು ದೂರದಿಂದ ಎಲ್ಲಿ ತಲುಪಬೇಕು? ಜನ ಎದ್ದುಹೋಗಿದ್ದ ಖಾಲಿ ಕುರ್ಚಿಗಳ ಮೇಲೆ ಬೀಳುತ್ತದೆ.

ನನ್ನ ಮೈಯೆಲ್ಲ ಉರಿದುಹೋಯಿತು. ದೊಡ್ಡಮ್ಮನ ಮೇಲೆ, ಪದ್ಧತಿಯ ಮೇಲೆ, ತಲೆಯಾಡಿಸಿದ ಅಮ್ಮನ ಮೇಲೂ.

ತಂಗಿ ಇದನ್ನು ಊಟಕ್ಕೆ ಮೊದಲೇ ನೋಡಬೇಕಿತ್ತು. ಧಾರೆಯ ಭಾಗವನ್ನು ಬೇಗ ಕತ್ತರಿಸಿ ಜೋಡಿಸಿದೆ. ಹೊಸ ಫಾರ್ಮ್ಯಾಟಿನಲ್ಲಿ ಹಾಕಿದರೆ ಫೈಲು ಚಿಕ್ಕದು, ಚಿತ್ರ ಚೊಕ್ಕ. ಕಳಿಸಿದೆ. "ಓಲಗ ಕೇಳಿಸ್ತಿದೆ, ಸ್ಕ್ರೀನ್ ಕಪ್ಪು" ಎಂದು ಉತ್ತರ ಬಂತು. ಅವಳ ಹಳೇ ಫೋನಿಗೆ ಹೊಸ ಫಾರ್ಮ್ಯಾಟು ಅರಗುವುದಿಲ್ಲ. ಎಲ್ಲ ಫೋನಿನಲ್ಲೂ ಓಡುವ ಹಳೆಯ ಎಂಪಿ4ನಲ್ಲೇ ಮತ್ತೆ ಹಾಕಿದೆ, ಗುಣಮಟ್ಟ ಕೆಡಬಾರದೆಂದು ಏನನ್ನೂ ಇಳಿಸದೆ. ಅದು ಆನೆಯಷ್ಟಾಯಿತು. ಹೇರೋಹಳ್ಳಿಯ ಆ ಮೂಲೆಯಲ್ಲಿ ಸಿಗ್ನಲ್ ಬರುವುದೇ ಕಷ್ಟ. "ಸುತ್ತುತ್ತಾನೇ ಇದೆ ಅಕ್ಕ. ಏನಿದೆ ಅದ್ರಲ್ಲಿ? ಬಾಯಲ್ಲೇ ಹೇಳ್ಬಾರ್ದಾ?" ಎಂದು ರೇಗಿದಳು. ಬಾಯಲ್ಲಿ ಹೇಳಿದರೆ, ಅಮ್ಮನ ಪರ ವಹಿಸಿ ಕಥೆ ಕಟ್ಟುತ್ತೀಯ ಅನ್ನುತ್ತಿದ್ದಳು. ನನಗೆ ಅವಳು ಗೊತ್ತು.

ಮೂರನೆಯ ಸಲ ಕಣ್ಣುಮುಚ್ಚಿ ಬಿಟ್‌ರೇಟ್ ಇಳಿಸಿದೆ, ಅಂದರೆ ಪ್ರತಿ ಕ್ಷಣದ ಚಿತ್ರಕ್ಕೆ ಕೊಡುವ ಪಾಲನ್ನು ಕಡಿಮೆ ಮಾಡಿದೆ. ಪಟ್ಟಿ ತೆವಳಿತು, ನಾನು ಮನೆಯೆಲ್ಲ ಸುತ್ತಿದೆ. ಕಳಿಸುವ ಮೊದಲು ತೆರೆದು ನೋಡಿದರೆ ಅಮ್ಮ ಇದ್ದ ಜಾಗದಲ್ಲಿ ಬೂದು ಬಣ್ಣದ ಚೌಕಗಳು! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹೀಗೇಕಾಯಿತೆಂದು ನನಗೆ ಗೊತ್ತಿರಬೇಕಿತ್ತು. ವೇದಿಕೆಯ ಮೇಲೆ ಅಕ್ಷತೆಯ ಮಳೆ. ಒಂದೊಂದು ಕಾಳೂ ಒಂದೊಂದು ಕಡೆ ಹಾರುತ್ತಿರುತ್ತದೆ. ಅಷ್ಟನ್ನೂ ಹಿಡಿದಿಡಲು ಕಂಪ್ಯೂಟರು ಇದ್ದಬದ್ದ ಪಾಲನ್ನೆಲ್ಲ ಅಲ್ಲಿಗೇ ಸುರಿಯುತ್ತದೆ. ಕತ್ತಲಲ್ಲಿ ಅಲ್ಲಾಡದೆ ನಿಂತವರಿಗೆ ಉಳಿಯುವುದು ಏನೂ ಇಲ್ಲ. ಸದ್ದು ಮಾಡುವವರಿಗೇ ಎಲ್ಲ, ಯಂತ್ರಕ್ಕೂ ಬಂದಿದೆ ಈ ಬುದ್ಧಿ ಎಂದು ಬೈದುಕೊಂಡೆ.

ಬೈದರೆ ಫೈಲು ಚಿಕ್ಕದಾಗುವುದಿಲ್ಲ. ಏನನ್ನು ಬಿಡಬೇಕು ಎಂದು ನಾನೇ ತೀರ್ಮಾನಿಸಬೇಕಿತ್ತು. ಡ್ರೋನಿನಲ್ಲಿ ಹಿಡಿದ ಛತ್ರದ ಗೋಪುರ ತೆಗೆದೆ. ಹೂವು ಅರಳಿ ಮುಚ್ಚುವ ಅಲಂಕಾರಗಳನ್ನು ತೆಗೆದೆ. ಚಿಕ್ಕಪ್ಪ ಪೇಟ ಕಟ್ಟಿಕೊಂಡು ನಿಧಾನಗತಿಯಲ್ಲಿ ನಡೆದುಬರುವುದನ್ನೂ ತೆಗೆದೆ. ಅವರು ಇದಕ್ಕೆ ನನ್ನನ್ನು ಬದುಕಿರುವ ತನಕ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ದೊಡ್ಡಮ್ಮ ಕೈ ತೋರಿಸುವ ಜಾಗದಲ್ಲಿ ಮಾತ್ರ ಕೈ ನಿಂತಿತು. ಅದನ್ನು ಫ್ಯಾಮಿಲಿ ಗ್ರೂಪಿಗೇ ಹಾಕಿಬಿಡೋಣ ಅನ್ನಿಸುವಷ್ಟು ಸಿಟ್ಟಿತ್ತು. ಹಾಕಿದ್ದರೆ ಆ ಜಗಳಕ್ಕೂ ಅಮ್ಮನೇ ಉತ್ತರ ಕೊಡುತ್ತ ಕೂರಬೇಕಾಗುತ್ತಿತ್ತು. ಅದನ್ನೂ ತೆಗೆದೆ. ತಾಳಿ ಕಟ್ಟುವ ಗಳಿಗೆಯಲ್ಲಿ ವೇದಿಕೆಯನ್ನು ಚೂರೇ ಚೂರು ತೋರಿಸಿ, ಕಂಬದ ಮೂಲೆಯನ್ನೇ ಪರದೆ ತುಂಬ ಹಿಗ್ಗಿಸಿ, ಬೆಳಕು ಏರಿಸಿ, ಕತ್ತಲಲ್ಲಿ ಕುದಿಯುವ ಚುಕ್ಕೆಗಳನ್ನು ಒರೆಸಿ ಮತ್ತೆ ಬಟನ್ ಒತ್ತಿದೆ.

ಫೈಲು ಅಂಗೈಯಷ್ಟಾಯಿತು. ಅಮ್ಮನ ಮುಖ, ಮೂಗಿನ ಮೇಲಿನ ಗೆರೆ, ಬೆರಳ ಸಂದಿಯ ಅಕ್ಕಿ, ಎಲ್ಲ ಕಾಣುತ್ತಿತ್ತು.

ಕಾಫಿ ಹಿಡಿದು ಬಂದ ಅಮ್ಮ ಬೆನ್ನ ಹಿಂದೆ ನಿಂತಿದ್ದು ನನಗೆ ತಿಳಿದಿರಲಿಲ್ಲ.

"ಅಯ್ಯೋ, ಇದನ್ಯಾಕೆ ಹಾಕ್ದೆ? ತೆಗಿ. ಬೀಗರು ನೋಡಿದ್ರೆ ಏನಂದ್ಕೋತಾರೆ? ಮುಹೂರ್ತದ ಟೈಮಲ್ಲಿ ನನ್ ಮುಖ!"

"ಆಗಲ್ಲಮ್ಮ. ಆಗ್ಲೇ ಕಳಿಸ್ಬಿಟ್ಟೆ" ಅಂದೆ. ಹಾಗಂದು, ಅವಳು ಕಾಫಿ ಲೋಟ ಇಡಲು ಬಗ್ಗಿದಾಗ ಕಳಿಸಿದೆ.

ಅಮ್ಮ ಸಿಟ್ಟು ಮಾಡಿಕೊಂಡು ಒಳಗೆ ಹೋದಳು. ನಾನು ಫೋನು ಹಿಡಿದು ಬಾಗಿಲಿಗೂ ಬಾಲ್ಕನಿಗೂ ಓಡಾಡಿದೆ. ಫೈಲು ತಲುಪಿತು. ತಂಗಿ ತೆರೆದಳು. ಈ ಸಲವೂ ಕಪ್ಪು ಪರದೆಯೇ ಬಂತೇ, ಅಥವಾ ನೋಡಿಯೂ ಅವಳ ಮನಸ್ಸು ಕರಗಲಿಲ್ಲವೇ ಎಂದು ಮತ್ತೆ ಮತ್ತೆ ಫೋನು ನೋಡಿದೆ. ಕೊನೆಗೆ ಅವಳೇ ಫೋನ್ ಮಾಡಿದಳು.

"ಅಮ್ಮಂಗೆ ಕೊಡು."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಅಮ್ಮ ಕೇಳುತ್ತ ಗೋಡೆಗೆ ಒರಗಿದಳು.

"ಅಳ್ಬೇಡ ಕಣೇ, ಹೊಸ ಮನೇಲಿ" ಅಂದಳು. "ಅಕ್ಷತೆ ನಿನ್ ಮೇಲೆ ಬೀಳ್ಲಿಲ್ಲ ಅಷ್ಟೇ. ನಾನು ಹಾಕಿದ್ದು ಹಾಕ್ದೆ."