ನಿಸರ್ಗಳ ಕೈಗಳು

ನಾಗವೇಣಿ ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದವಳು. ಆಸ್ಟ್ರೇಲಿಯಾದ ಪರ್ತ್‌ಗೆ ಬಂದ ಮೇಲೆ ಸಿಕ್ಕಿದ್ದು ರಕ್ತ ತೆಗೆಯುವ ಕೆಲಸ. ಎಲೆನ್‌ಬ್ರೂಕ್‌ನ ಸಣ್ಣ ಕ್ಲಿನಿಕ್ಕಿನಲ್ಲಿ ದಿನವಿಡೀ ಜನರ ತೋಳಿಗೆ ಪಟ್ಟಿ ಬಿಗಿದು, ಚೂರು ಚುಚ್ಚುತ್ತದೆ ಅಷ್ಟೇ ಎಂದು ಒಂದೇ ದನಿಯಲ್ಲಿ ಹೇಳಿ ಸೂಜಿ ಇಳಿಸುತ್ತಿದ್ದಳು. ಗಂಡ ರಮಾಕಾಂತ್ ಉತ್ತರದ ಗಣಿಯೊಂದರಲ್ಲಿ ಎಂಜಿನಿಯರ್. ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಮಗಳು ನಿಸರ್ಗಳಿಗೆ ಒಂಬತ್ತು ವರ್ಷ.

ಶಾಲೆಯಲ್ಲಿ ವಾಂತಿಭೇದಿ ಹರಡಿದ ಚಳಿಗಾಲದಲ್ಲಿ ಬೆರಳ ಸಂದಿ, ಉಗುರ ಬುಡ ಎಲ್ಲ ಉಜ್ಜಬೇಕೆಂದು ಮಗಳಿಗೆ ಹೇಳಿಕೊಟ್ಟವಳು ನಾಗವೇಣಿಯೇ. ಕಾಯಿಲೆ ಹೋಯಿತು, ತೊಳೆಯುವುದು ಹೋಗಲಿಲ್ಲ. ಬಾಗಿಲ ಹಿಡಿ ಮುಟ್ಟಿದರೂ ತೊಳೆಯಬೇಕು, ಪುಸ್ತಕ ಮುಟ್ಟಿದರೂ ತೊಳೆಯಬೇಕು. ತೊಳೆದು ಬಂದು ಎರಡೂ ಕೈ ಚಾಚಿ, "ಆಮ್ ಐ ಕ್ಲೀನ್, ಅಮ್ಮಾ?" ಎನ್ನುವಳು.

"ಹ್ಞೂಂ, ಕ್ಲೀನ್," ಎಂದು ನಾಗವೇಣಿ ತಲೆಯೆತ್ತದೆ ಹೇಳುವಳು.

ಚರ್ಮ ಒಡೆದಾಗ ಮುಲಾಮು ತಂದಳು. ಸೋಪು ಮುಗಿದಾಗ ಸೋಪು ತಂದಳು. ಮಗು ಊಟದ ಡಬ್ಬಿಯನ್ನೇ ತೆರೆಯುತ್ತಿಲ್ಲವೆಂದು ಟೀಚರ್ ಕ್ಲಿನಿಕ್ಕಿಗೆ ಫೋನ್ ಮಾಡಿದಾಗ ಅಳು ಬರಬೇಕಿತ್ತು, ಬರಲಿಲ್ಲ. ಥ್ಯಾಂಕ್ಸ್ ಹೇಳಿ, ಮುಂದಿನವರ ಹೆಸರು ಕೂಗಿದಳು.

ಗಣಿಯಿಂದ ಬಂದ ರಮಾಕಾಂತ್ ಒಂದು ದಿನ ನೋಡಿದ. ಮರುದಿನ ಅಂಗಳದ ಮೀಟರಿನ ಬಳಿ ಇಡೀ ಮನೆಯ ನೀರು ಬಂದ್ ಮಾಡಿದ.

"ಈಗ ಹೆಂಗೆ ತೊಳೀತಾಳೋ ನೋಡೋಣ. ನೀನು ಸುಮ್ನಿದ್ದಿದ್ದಕ್ಕೇ ಇಷ್ಟಾಗಿರೋದು."

ನಿಸರ್ಗ ನೊರೆ ಮೆತ್ತಿದ ಕೈಗಳನ್ನು ಮೈಗೆ ತಾಗದಂತೆ ಎತ್ತಿ ಹಿಡಿದು ನಿಂತಳು. ಕಿರುಚಲಿಲ್ಲ. ಹಲ್ಲು ಮಾತ್ರ ಕಟಕಟ ಎನ್ನುತ್ತಿತ್ತು. ನಾಗವೇಣಿ ಹೊರಗೆ ಹೋಗಿ ನೀರು ಬಿಟ್ಟು ಬಂದಳು. ರಮಾಕಾಂತ್ ಕಾರಿನಲ್ಲಿ ಬಹಳ ಹೊತ್ತು ಒಬ್ಬನೇ ಕೂತಿದ್ದು, ಒಳಗೆ ಬಂದು, "ಯಾರಿಗಾದ್ರೂ ತೋರಿಸೋಣ ಕಣೆ," ಎಂದ.

ಮನಶ್ಶಾಸ್ತ್ರಜ್ಞೆ ನೆರೆತ ಕೂದಲಿನ ಹೆಂಗಸು. ಇದು ಹಟವಲ್ಲ, ಕಾಯಿಲೆ ಎಂದಳು. ಬಯ್ಯಬೇಡಿ, ನೀರು ನಿಲ್ಲಿಸಬೇಡಿ. ಆದರೆ ಕ್ಲೀನ್ ಎಂದು ನೀವು ಹೇಳಿದಷ್ಟೂ ಅವಳ ಭಯ ಅದನ್ನೇ ಮತ್ತೆ ಮತ್ತೆ ಕೇಳುವಂತೆ ಮಾಡುತ್ತದೆ, ಆ ಉತ್ತರವನ್ನು ಮೆಲ್ಲಗೆ ಬಿಡಿ ಎಂದಳು. ಮೊದಲು ಯಾವ ಹೊತ್ತಿನ ಉತ್ತರವನ್ನು ಬಿಡಬೇಕೆಂಬುದನ್ನು ನಿಸರ್ಗಳೇ ಆರಿಸಿದಳು: ಸಂಜೆ ತಿಂಡಿಗೆ ಮುಂಚೆ.

ಮೊದಲ ಸಂಜೆ ಕೈ ಚಾಚಿ ಬಂದವಳಿಗೆ ನಾಗವೇಣಿ, "ಅದಕ್ಕೆ ಉತ್ತರ ಹೇಳಲ್ಲ ಪುಟ್ಟಾ. ಭಯ ಆಗ್ತಿದೆ ಅಂತ ಗೊತ್ತು. ನಿನ್ನ ಜೊತೆ ಕೂತಿರ್ತೀನಿ," ಎಂದಳು.

"ಜಸ್ಟ್ ಸೇ ಇಟ್! ಪ್ಲೀಸ್, ಅಮ್ಮಾ!"

ನಾಗವೇಣಿ ಬಚ್ಚಲಿನ ಹೊರಗೆ ನೆಲದ ಮೇಲೆ ಕೂತಳು. ಮಗು ಬಿಕ್ಕಿತು, ಅವಳ ಭುಜಕ್ಕೆ ಗುದ್ದಿತು. ಮಗಳ ಬೆರಳಗಂಟುಗಳ ಬಿರುಕುಗಳನ್ನು ನೋಡುತ್ತ, ಇವಳ ತಾಯಿ ಈಗ ಏನಾದರೂ ಅನುಭವಿಸಬೇಕಲ್ಲ ಎಂದು ನಾಗವೇಣಿ ಯಾರದೋ ವಿಷಯವೆಂಬಂತೆ ಯೋಚಿಸಿದಳು. ಏಳಲಿಲ್ಲ. ಕ್ಲೀನ್ ಎನ್ನಲೂ ಇಲ್ಲ. ಕೊನೆಗೆ ನಿಸರ್ಗ ದಣಿದು ಅವಳಿಗೊರಗಿ ಕೂತಳು. ದೋಸೆ ತಣ್ಣಗಾಗಿತ್ತು. ಮಗು ಫೋರ್ಕಿನಲ್ಲಿ ಎರಡು ಚೂರು ತಿಂದಿತು.

ಹೀಗೇ ತಿಂಗಳುಗಳು ಕಳೆದವು. ಕೆಲವು ವಾರ ಎಲ್ಲ ಮೊದಲಿನಂತೆಯೇ ಆಯಿತು. ಗಣಿಯಿಂದ ಫೋನ್ ಮಾಡಿದಾಗ ರಮಾಕಾಂತನೂ, "ಉತ್ತರ ಹೇಳಲ್ಲ ಮಗಳೇ, ಆದ್ರೆ ಫೋನ್ ಇಡಲ್ಲ," ಎನ್ನುವುದನ್ನು ಕಲಿತ. ಬಿರುಕುಗಳು ಮಾಗಿದವು. ಶಾಲೆಯ ಡಬ್ಬಿ ಅರ್ಧ ಖಾಲಿಯಾಗಿ ಬರತೊಡಗಿತು.

ಒಂದು ಶನಿವಾರ ಪೆಟ್ರೋಲ್ ಹಾಕಿಸಲು ಬಂಕಿನಲ್ಲಿ ನಿಂತಾಗ ನಿಸರ್ಗ ಯಾರದೋ ನಾಯಿಯ ತಲೆ ಸವರಿ ಕಾರು ಹತ್ತಿದಳು. ಕೈ ನೋಡಿಕೊಂಡಳು. ಸ್ವಲ್ಪ ಹೊತ್ತು ತಡೆದು, ಅದೇ ಕೈಯಿಂದ ಚಿಪ್ಸ್ ತೆಗೆದು ಬಾಯಿಗೆ ಹಾಕಿಕೊಂಡಳು. ಏನೂ ಕೇಳಲಿಲ್ಲ.

ನಾಗವೇಣಿ ಕನ್ನಡಿಯಲ್ಲಿ ನೋಡಿದಳು. ಸಂತೋಷ ಬರುತ್ತದೇನೋ ಎಂದು ಕಾದಳು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಇಂಡಿಕೇಟರ್ ಹಾಕಿ, ರಸ್ತೆಗಿಳಿದಳು.