ಬೀಗ ಹಾಕಿದ ಮನೆಗೆ ಮೂರು ಸಲ

ಸರ್ವೆ ಅಕ್ಕ ಬೀದಿಗೆ ಕಾಲಿಟ್ಟರೆ ಮಕ್ಕಳು ಬಿದ್ದೆನೋ ಎದ್ದೆನೋ ಎಂದು ಓಡುತ್ತಿದ್ದವು. ಪಾಪ, ಆಕೆಯ ಚೀಲದಲ್ಲಿ ಸೂಜಿ ಇರಲಿಲ್ಲ, ಬರೀ ಪ್ರಶ್ನೆಗಳಿದ್ದವು. ಎಷ್ಟು ಕೂಸುಗಳಿಗೆ ಲಸಿಕೆ ಆಗಿದೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ಆಕೆಯ ಕೆಲಸ. ಚುಚ್ಚುವುದು ನರ್ಸಮ್ಮ, ಬೈಸಿಕೊಳ್ಳುವುದು ಅಕ್ಕ.

ಈ ಕೆಲಸಕ್ಕೊಂದು ಕಟ್ಟುನಿಟ್ಟು ಇದೆ. ಎಲ್ಲ ಮನೆಗಲ್ಲ, ಚೀಟಿ ಎತ್ತಿದಾಗ ನಂಬರು ಬಂದ ಮನೆಗೇ ಹೋಗಬೇಕು. ಬೀಗವಿದೆಯೆಂದು ಪಕ್ಕದ ಮನೆ ಹಿಡಿದು ಕೈತೊಳೆದುಕೊಂಡರೆ, ಹೊರಗೆ ದುಡಿಯುವ ತಾಯಂದಿರ ಮಕ್ಕಳೆಲ್ಲ ಲೆಕ್ಕದಿಂದ ತಪ್ಪಿಹೋಗುತ್ತಾರೆ. ಅದಕ್ಕೇ ಮೂರು ಸಲ ಹೋಗಿ ತಟ್ಟಬೇಕು. ಅಲ್ಲಿ ಯಾರೂ ವಾಸವಿಲ್ಲ ಎಂದು ನೆರೆಯವರು ಹೇಳಿದರೆ ಮಾತ್ರ ಬಿಡಬಹುದು. ಅಕ್ಕನೋ, ನಾಲ್ಕನೇ ಸಲವೂ ಹೋಗುವ ಪೈಕಿ.

ಆಕೆಯ ಬಾಗಿಲು ತಟ್ಟುವವರು ಮಾತ್ರ ಯಾರೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಈ ಓಣಿಯ ಕೊನೆಯ, ಒಂದೇ ಕೋಣೆಯ ಮನೆಗೆ ಬಂದಿದ್ದಳು. ಬೆಳಕು ಹರಿಯುವ ಮುನ್ನ ಹೊರಟರೆ ಮರಳುವಾಗ ಓಣಿಯ ಕದಗಳೆಲ್ಲ ಮುಚ್ಚಿರುತ್ತಿದ್ದವು. ಹಾಗಾಗಿ ಈ ಸಲ ಚೀಟಿಯಲ್ಲಿ ತನ್ನ ಮನೆ ನಂಬರೇ ಬಂದಾಗ ಒಳಗೊಳಗೇ ಹಿಗ್ಗಿದಳು, ಯಾರಿಗೂ ಹೇಳಲಿಲ್ಲ. ಸ್ವಂತ ಓಣಿಯಲ್ಲಿ ತಾನೇ ಸರ್ವೆ ಮಾಡುವಂತಿಲ್ಲ, ಅಕ್ಕನ ಮನೆ ಯಾವುದೆಂದು ಗೊತ್ತಿಲ್ಲದ ಹೊಸ ಹುಡುಗಿ ಬರುತ್ತಾಳೆ. ಮಕ್ಕಳಿಲ್ಲದಿದ್ದರೂ ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಲೇಬೇಕು. ಹೀಗೆ ತನ್ನನ್ನು ಯಾರಾದರೂ ಕೇಳಿ ವರ್ಷಗಳಾಗಿದ್ದವು. ಒಂದೇ ಲೋಟವಿದ್ದ ಮನೆಗೆ ಇನ್ನೊಂದು ಲೋಟ ತಂದಳು.

ವಾರದ ದಿನ ಬೀಗ ಕಂಡರೂ ಭಾನುವಾರ ಮತ್ತೆ ಬಂದೇ ಬರುತ್ತಾಳೆಂದು ಅಕ್ಕ ನಂಬಿದ್ದಳು. ಭಾನುವಾರ ಕೋಣೆ ಗುಡಿಸಿ, ಒಳ್ಳೆಯ ಸೀರೆ ಉಟ್ಟು ಕೂತಳು. ಸಂಜೆಯಾದರೂ ಯಾರೂ ಸುಳಿಯಲಿಲ್ಲ. ತಡೆಯಲಾರದೆ ಹುಡುಗಿಗೆ ಫೋನು ಮಾಡಿದಳು.

“ನಮ್ಮ ಓಣಿ ಕೊನೇ ಮನೆಗೆ ಯಾಕಮ್ಮ ಮತ್ತೆ ಬರ್ಲಿಲ್ಲ?”

“ಅದು ಖಾಲಿ ಮನೆ ಅಕ್ಕ. ಪಕ್ಕದ ಮನೆಯದೂ ಚೀಟಿಲಿ ಬಂದಿತ್ತು, ಬರ್ಕೊಳ್ಳುವಾಗ ಅಲ್ಲಿ ಯಾರೂ ಇಲ್ಲ ಅಂತ ಅವ್ರೇ ಹೇಳಿದ್ರು.”

ಹುಡುಗಿಯದೇನೂ ತಪ್ಪಿಲ್ಲ. ಅದು ಅಕ್ಕನೇ ಕಲಿಸಿದ ಪಾಠ. “ಸರಿ ಬಿಡು” ಎಂದು ಫೋನಿಟ್ಟಳು. ಗೋಡೆಗೆ ಗೋಡೆ ತಾಗಿದೆ, ಇವರ ಕೆಮ್ಮು ನನಗೆ ಕೇಳುತ್ತದೆ, ನಾನು ಇಲ್ಲವಂತೆ! ಇವತ್ತು ಹೇಳಿಯೇ ತೀರುತ್ತೇನೆಂದು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದಳು.

ಮನೆಯೊಡತಿ ಕದ ತೆರೆದಳು. ನಾನು ನಿಮ್ಮ ಪಕ್ಕದಲ್ಲೇ ಇದ್ದೀನಿ ಎನ್ನಬೇಕಿತ್ತು. ಆದರೆ ಇಷ್ಟು ವರ್ಷ ಪರರ ಹೊಸ್ತಿಲಲ್ಲಿ ನಿಂತು ಆಡಿದ ಮಾತೇ ಬಾಯಿಗೆ ಬಂತು.

“ಎರಡು ವರ್ಷದೊಳಗಿನ ಮಕ್ಕಳಿದ್ದಾರೇನಮ್ಮ?”

“ಮೊನ್ನೆ ತಾನೇ ಬರ್ಕೊಂಡು ಹೋದ್ರಲ್ಲ” ಎಂದು ಆಕೆ ಬಾಗಿಲು ಹಾಕಿಕೊಂಡಳು.